ಅಪ್ಪನ ಜೇಬಿನ ಬಿಳಿ ಪುಡಿ

ನನ್ನ ಕಪ್ಪು ಕೈಚೀಲದ ಅಸ್ತರಿನಲ್ಲಿ ಒಂದು ಬಿಳಿ ಪುಡಿ ಮನೆ ಮಾಡಿಕೊಂಡಿದೆ. ಚೀಲವನ್ನು ಬೋರಲು ಹಾಕಿ ಕೊಡವಿದ್ದೇನೆ, ಒದ್ದೆ ಬಟ್ಟೆಯಿಂದ ಒರೆಸಿದ್ದೇನೆ, ಒಮ್ಮೆ ಬಕೆಟ್ಟಿನಲ್ಲಿ ಮುಳುಗಿಸಿ ಒಗೆದದ್ದೂ ಆಯಿತು. ಒಣಗಿದ ಮೇಲೆ ಹೊಲಿಗೆಯ ಸಂದಿಯಿಂದ ಅದು ಮತ್ತೆ ಇಣುಕುತ್ತದೆ. ನೀರಿನಲ್ಲಿ ಕರಗಬೇಕಾದ ವಸ್ತು. ರಸಾಯನಶಾಸ್ತ್ರ ಓದಿದ ನನಗೆ ಇದು ಗೊತ್ತು, ಪುಡಿಗೆ ಯಾರೂ ಹೇಳಿದಂತಿಲ್ಲ.

ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ಗುರುತಿನ ಚೀಟಿ ತೆಗೆಯುವಾಗ ಅದು ಬೆರಳಿಗೆ ಹತ್ತುತ್ತದೆ, ಬೆರಳಿನಿಂದ ಕುರ್ತಾಕ್ಕೆ. ಪಕ್ಕದ ಮೇಜಿನ ಗೆಳತಿ ಸಾಯಲಿ ಅದನ್ನು ನೋಡಿ, "ಕಾಯ್ ಗಂ, ಪೌಡರ್ ಹಚ್ಚಲಿಕ್ಕೆ ಶುರು ಮಾಡಿದೆಯಾ? ಯಾರಿಗಾಗಿ?" ಎಂದು ಅರ್ಧ ಮರಾಠಿ, ಅರ್ಧ ನನ್ನಿಂದಲೇ ಕಲಿತ ಕನ್ನಡದಲ್ಲಿ ಕೇಳುತ್ತಾಳೆ. ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಡಬೇಕೆಂಬ ನಿಯಮವಿಲ್ಲ ಎಂದು ನಂಬಿದವಳು ನಾನು. ಸುಮ್ಮನೆ ಕುರ್ತಾ ಝಾಡಿಸಿಕೊಳ್ಳುತ್ತೇನೆ. ನಿಮಗಾದರೆ ಹೇಳಬಹುದು. ಅದು ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪುಡಿ. ನನ್ನ ಚೀಲಕ್ಕೆ ಅದು ಬಂದದ್ದು ಒಂದು ಬಾರಿನ ಬಾಗಿಲಲ್ಲಿ, ಅಪ್ಪನ ಜೇಬಿನಿಂದ.

ಅಪ್ಪ ಧಾರವಾಡದಿಂದ ಪುಣೆಗೆ ಬ್ಯಾಂಕಿನ ನೌಕರಿಗೆ ಬಂದವರು, ನಿವೃತ್ತರಾಗಿ ಕೋಥ್ರೂಡಿನಲ್ಲೇ ಉಳಿದವರು. ನಮ್ಮ ಮನೆಯ ಹತ್ತಿರ ಕನ್ನಡಿಗರ ಒಂದು ಸಣ್ಣ ಹಾಲ್ ಇದೆ. ನಾಡಹಬ್ಬ, ಮುಂಜಿವೆ, ಹಳದಿ-ಕುಂಕುಮ ಎಲ್ಲ ಅಲ್ಲೇ. ರವಿವಾರ ಮಧ್ಯಾಹ್ನ ಮಾತ್ರ ಅದು ಅಪ್ಪನದು, ಜೋಶಿ ಕಾಕಾರದು, ಹಿರೇಮಠ ಕಾಕಾರದು ಮತ್ತು ನಾಲ್ಕನೆಯವರಾಗಿ ಆ ವಾರ ಸಿಕ್ಕವರದು. ನಾನು ಸಣ್ಣವಳಿದ್ದಾಗ ಅಪ್ಪನ ಜೊತೆ ಹೋಗಿ ಕೇರಂ ಮೇಜಿನ ಕೆಳಗೆ ಕೂರುತ್ತಿದ್ದೆ. ಉರುಳಿ ಬಿದ್ದ ಕಾಯಿಗಳನ್ನು ಎತ್ತಿ ಕೊಡುವುದು ನನ್ನ ಕೆಲಸ. ಮೇಲಿನಿಂದ ಟಕ್ ಟಕ್ ಸದ್ದು ಬರುವುದು, ಎದುರಿಗೆ ನಾಲ್ಕು ಜೊತೆ ಕಾಲುಗಳು, ಯಾರು ಗೆಲ್ಲುತ್ತಿದ್ದಾರೆಂದು ಹೆಬ್ಬೆರಳುಗಳನ್ನು ನೋಡಿಯೇ ಹೇಳಬಹುದಾಗಿತ್ತು. ಸೋಲುವವರ ಹೆಬ್ಬೆರಳು ನೆಲವನ್ನು ಒತ್ತಿ ಹಿಡಿದಿರುತ್ತಿತ್ತು. ಸ್ವಲ್ಪ ದೊಡ್ಡವಳಾದ ಮೇಲೆ ಪುಡಿ ಉದುರಿಸುವ ಬಡ್ತಿ ಸಿಕ್ಕಿತು. "ಉಪ್ಪು ಹಾಕಿದಂಗ ಹಾಕಬ್ಯಾಡವಾ, ಅರಿಶಿಣ ಹಚ್ಚಿದಂಗ ಹಾಕು" ಎಂದು ಹಿರೇಮಠ ಕಾಕಾ ಹೇಳಿಕೊಟ್ಟಿದ್ದರು. ಆಫೀಸಿನ ಪ್ರಯೋಗಾಲಯದಲ್ಲಿ ಇವತ್ತಿಗೂ ಪುಡಿ ತೂಗುವಾಗ ನನ್ನ ಕೈ ಅರಿಶಿಣದ ಲೆಕ್ಕದಲ್ಲೇ ಓಡುತ್ತದೆ.

ಆ ಹಾಲಿನಲ್ಲಿ ದಯೆ ಎಂಬ ಪದಾರ್ಥವನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕು. ತಪ್ಪಿದ ಹೊಡೆತಕ್ಕೆ ಸಮಾಧಾನ ಹೇಳುವ ಪದ್ಧತಿ ಅಲ್ಲಿಲ್ಲ. "ಸಾಹೇಬ್ರ, ಚೆಕ್ಕಿನ ಮ್ಯಾಲೆ ಸಹಿ ಮಾಡ್ಲಿಕ್ಕೆ ಹತ್ತೀರೇನು? ಸ್ವಲ್ಪ ಜೋರ್ ಹೊಡೀರಲಾ!" ಎಂದು ಜೋಶಿ ಕಾಕಾ. "ನಿಮ್ಮ ಹೊಡತ ನೋಡಿ ಕಾಯಿಗೆ ನಿದ್ದಿ ಬಂತು" ಎಂದು ಹಿರೇಮಠ ಕಾಕಾ. ಅಪ್ಪನೂ ಕಡಿಮೆಯಿಲ್ಲ. ಆಫೀಸಿನಲ್ಲಿ, ಮನೆಯಲ್ಲಿ ಯಾರಿಗೂ ಎತ್ತರದ ದನಿಯಲ್ಲಿ ಮಾತಾಡದ ಮನುಷ್ಯ ಅಲ್ಲಿ ಜೋಶಿ ಕಾಕಾರ ಇಡೀ ಮನೆತನವನ್ನು ಎಳೆದಾಡುತ್ತಿದ್ದರು. ನಾನು ಅಪ್ಪನ ಹಾಗೆ. ಎತ್ತರದ ದನಿಗೆ ಅವರಿಗೊಂದು ಹಾಲ್ ಇತ್ತು, ನನಗೆ ಅದೂ ಇಲ್ಲ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅಪ್ಪನಿಗೆ ಅಂಗಿಯ ಗುಂಡಿ ಹಾಕಲು ಆಗಲಿಲ್ಲ. ಬಲಗೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಸಣ್ಣ ಪಾರ್ಶ್ವವಾಯು, ಬೇಗ ಕರೆತಂದಿರಿ, ಒಳ್ಳೆಯದಾಯಿತು ಎಂದರು ಡಾಕ್ಟರು. ರಬ್ಬರ್ ಚೆಂಡು ಅಮುಕಿ ಅಮುಕಿ ಕೈ ಬಹುಮಟ್ಟಿಗೆ ಮರಳಿ ಬಂತು. ಗುಂಡಿ ಹಾಕುತ್ತದೆ, ಸಹಿ ಮಾಡುತ್ತದೆ, ಅನ್ನ ಕಲಸುತ್ತದೆ. ಆದರೆ ಯಾರಾದರೂ ನೋಡುತ್ತಿದ್ದರೆ ನಡುಗುತ್ತದೆ.

ಇದು ನಮಗೆ ಗೊತ್ತಾದದ್ದು ನೀರಿನ ಲೋಟದಿಂದ. ನಮ್ಮ ಮನೆಯಲ್ಲಿ ಎಲ್ಲರೂ ಎತ್ತಿ ಕುಡಿಯುವವರು. ಲೋಟ ತುಟಿಗೆ ತಾಗಿದರೆ ಎಂಜಲು. ತಲೆ ಹಿಂದಕ್ಕೆ ವಾಲಿಸಿ, ಲೋಟವನ್ನು ಗೇಣುದ್ದ ಮೇಲೆ ಹಿಡಿದು, ಒಂದು ಹನಿ ಚೆಲ್ಲದಂತೆ ಗಂಟಲಿಗೆ ಸುರಿದುಕೊಳ್ಳುವುದನ್ನು ನಾವು ನಡೆಯುವುದಕ್ಕಿಂತ ಮೊದಲೇ ಕಲಿತಿರುತ್ತೇವೆ. ಅಪ್ಪ ಲೋಟ ಎತ್ತಿಕೊಂಡು ಬಾಲ್ಕನಿಗೆ ಹೋಗಿ ಕುಡಿಯಲು ಶುರುಮಾಡಿದರು. ಅಂಗಿಯ ಕಾಲರು ಒದ್ದೆಯಾಗಿರುತ್ತಿತ್ತು. ಆಯಿ, ಅಂದರೆ ನನ್ನ ತಾಯಿ, ಏನೂ ಕಾಣದವಳಂತೆ ಒಣ ಅಂಗಿಯೊಂದನ್ನು ಬಾಗಿಲ ಹಿಂದೆ ತೂಗುಹಾಕತೊಡಗಿದಳು. ನಮ್ಮದು ಹಾಗೆ, ಎಲ್ಲವನ್ನೂ ತೂಗುಹಾಕಿಯೇ ಹೇಳುವ ಮನೆ.

ರವಿವಾರದ ಆಟ ನಿಂತುಹೋಯಿತು. ಜೋಶಿ ಕಾಕಾ ಪ್ರತಿ ವಾರ ಫೋನು ಮಾಡುವರು, ಅಪ್ಪ ಪ್ರತಿ ವಾರ ಒಂದು ನೆಪ ಹೇಳುವರು. ನಡುವೆ ಹುಬ್ಬಳ್ಳಿಯಿಂದ ಬಂದ ನನ್ನ ಚಿಕ್ಕಪ್ಪನ ಮಗ ಪ್ರಸನ್ನ ಒತ್ತಾಯ ಮಾಡಿ ಮನೆಯ ಬೋರ್ಡು ಹಾಕಿಸಿದ. ಅಪ್ಪ ಗೆದ್ದರು. ಗೆದ್ದ ತಕ್ಷಣ ಎದ್ದು ಬೋರ್ಡನ್ನು ಕಪಾಟಿನ ಹಿಂದೆ ತಳ್ಳಿದರು. ರಾತ್ರಿ ನನಗೆ ಮಾತ್ರ ಕೇಳುವಂತೆ ಹೇಳಿದರು: "ಕ್ವೀನ್ ಪಾಕೀಟಿನ ಬಾಯಾಗ ಇತ್ತು. ಅಂವ ಹೊಡೀಲಿಲ್ಲ. ಬಿಟ್ಟುಕೊಟ್ಟ. ನಾಳೆ ಜೋಶಿನೂ ಹಂಗ ಮಾಡಿದ್ರ? ಸೋಲೂದಕ್ಕ ನಾ ಅಂಜೂದಿಲ್ಲ. ಅವರು ಛಲೋ ಮಾತಾಡ್ತಾರ ಅಂತ ಅಂಜಿಕಿ."

ನನಗೆ ಅದು ತಕ್ಷಣ ಅರ್ಥವಾಯಿತು. ಜೋಶಿ ಕಾಕಾ ಅಪ್ಪನಿಗೆ "ಇರ್ಲಿ ಬಿಡ್ರಿ, ಇನ್ನೊಮ್ಮೆ ಹೊಡೀರಿ" ಎಂದ ದಿನ ಆ ಹಾಲಿನಲ್ಲಿ ಅಪ್ಪನ ಜಾಗ ಮುಗಿದಂತೆ. ಆದರೆ ಏನು ಮಾಡಬೇಕೆಂದು ಹೊಳೆಯಲಿಲ್ಲ.

ಹೊಳೆದದ್ದು ಸಾಯಲಿಯ ಹುಟ್ಟುಹಬ್ಬದ ದಿನ. ಅವಳು ನಮ್ಮನ್ನೆಲ್ಲ ಬಾಲೇವಾಡಿಯ ಒಂದು ಬಾರಿಗೆ ಕರೆದಿದ್ದಳು. ಆಟಗಳಿರುವ ಬಾರು. ಈಗ ಪುಣೆಯಲ್ಲಿ ಕುಡಿಯುವುದೊಂದೇ ಸಾಲದಾಗಿದೆ, ಒಂದು ಕೈಯಲ್ಲಿ ಗ್ಲಾಸು ಹಿಡಿದು ಇನ್ನೊಂದು ಕೈಯಿಂದ ಏನನ್ನಾದರೂ ಎಸೆಯಬೇಕು, ಉರುಳಿಸಬೇಕು, ಕೆಡವಬೇಕು. ನಾನು ಮದ್ಯವಿಲ್ಲದ ಮೊಹಿತೊ ಹೇಳಿ ಒಂದು ಮೂಲೆ ಹಿಡಿದೆ. ಬಾಯಾರಿತ್ತು, ಗದ್ದಲವಿತ್ತು, ಗಮನ ಎಲ್ಲೋ ಇತ್ತು. ಗ್ಲಾಸನ್ನು ಎತ್ತಿ ಹಿಡಿದು ಮನೆಯಲ್ಲಿ ಕುಡಿಯುವಂತೆಯೇ ಗಂಟಲಿಗೆ ಸುರಿದುಕೊಂಡೆ. ಮೊಹಿತೊದಲ್ಲಿ ನೀರಿಗಿಂತ ಐಸೇ ಹೆಚ್ಚು ಎಂಬುದು ಆಗ ತಿಳಿಯಿತು. ಒಂದು ಐಸಿನ ತುಂಡು ಹಣೆಗೆ, ಎರಡು ಕುತ್ತಿಗೆಯ ಒಳಗೆ, ಪುದೀನಾ ಎಲೆ ಕನ್ನಡಕದ ಮೇಲೆ. ನಾಚಿಕೆಯಿಂದ ಸಾಯುವಷ್ಟರಲ್ಲಿ ಸಾಯಲಿ ಚಪ್ಪಾಳೆ ಹೊಡೆದು, "ಇದು ಕರ್ನಾಟಕದ ಸ್ಟೈಲ್!" ಎಂದು ಸಾರಿದಳು. ಮುಂದಿನ ಸುತ್ತಿನಲ್ಲಿ ಎಲ್ಲರೂ ಬಿಯರನ್ನು ಎತ್ತಿ ಸುರಿದುಕೊಂಡು ಅಂಗಿ ತೊಯಿಸಿಕೊಂಡರು. ಹಾಗೆ ತೊಯ್ದು ನಗುತ್ತಿದ್ದ ಮಂದಿಯನ್ನು ನೋಡುವಾಗ ನನಗನ್ನಿಸಿದ್ದು: ಇಲ್ಲಿ ಯಾರ ಕೈ ಎಷ್ಟು ನಡುಗಿದರೂ ಯಾರಿಗೂ ಲೆಕ್ಕಕ್ಕಿಲ್ಲ. ದೂರದಲ್ಲಿ ಒಂದು ಕೇರಂ ಬೋರ್ಡೂ ಕಂಡಿತು. ಅಪ್ಪ ಒಮ್ಮೆ ಇಂಥಲ್ಲಿ ಆಡಿ ನೋಡಬೇಕು. ಅವರ ಪರಿಚಯವಿಲ್ಲದವರ ಜೊತೆ.

"ಬಾರಿಗೆ? ಅಪ್ಪನ್ನ ಕರಕೊಂಡು?" ಎಂದು ಆಯಿ ಲಟ್ಟಣಿಗೆ ಕೆಳಗಿಟ್ಟಳು.

"ಕುಡೀಲಿಕ್ಕಲ್ಲ. ಶನಿವಾರ ಸಂಜೀಕ, ಕೇರಂ ಆಡ್ಲಿಕ್ಕೆ."

"ಶನಿವಾರ ಅವರದು ಒಪ್ಪತ್ತದ."

ಬಾರಿಗೆ ಹೋಗುವುದರಲ್ಲಿ ಆಯಿಗೆ ಕಂಡ ಅಡಚಣೆ ಅದೊಂದೇ ಎಂದು ತಿಳಿದು ನನಗೆ ಸಮಾಧಾನವಾಯಿತು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಅಲ್ಲಿ ನಮ್ಮ ಮಂದಿ ಯಾರೂ ಇರೂದಿಲ್ಲಲಾ?" ಎಂದರು. ಇರುವುದಿಲ್ಲ ಎಂದೆ. ಶನಿವಾರ ಸಂಜೆ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಬ್ಯಾಂಕಿನ ವಾರ್ಷಿಕ ಸಭೆಗೆ ಹೊರಟವರಂತೆ ಬಾಗಿಲಲ್ಲಿ ನಿಂತಿದ್ದರು.

ಬಾಲೇವಾಡಿಯ ಬಾರಿನ ಬಾಗಿಲಲ್ಲಿ ಇಬ್ಬರು ಕಪ್ಪು ಅಂಗಿಯ ಪಹಿಲ್ವಾನರು ಎಲ್ಲರನ್ನೂ ತಡವಿ ಒಳಗೆ ಬಿಡುತ್ತಿದ್ದರು. ಒಬ್ಬ ಅಪ್ಪನ ಪ್ಯಾಂಟಿನ ಜೇಬಿನ ಮೇಲೆ ಕೈಯಿಟ್ಟವನು ನಿಂತ. ಒಳಗಿನಿಂದ ಎರಡು ವಸ್ತು ಹೊರಗೆ ಬಂದವು: ಕರವಸ್ತ್ರದಲ್ಲಿ ಸುತ್ತಿದ ದಂತದ ಬಣ್ಣದ ಸ್ಟ್ರೈಕರ್, ಮತ್ತು ಮಾತ್ರೆಯ ಪುಡಿ ಕಟ್ಟುವಂತೆ ನಾಜೂಕಾಗಿ ಮಡಿಸಿದ ಕಾಗದದ ಪೊಟ್ಟಣ. ಅದರ ತುಂಬ ನುಣುಪಾದ ಬಿಳಿ ಪುಡಿ.

ಬಾರಿಗೆ ಹೋಗುವಾಗ ಏನೇನು ಒಯ್ಯಬಾರದೆಂದು ಅಪ್ಪನಿಗೆ ಹೇಳಬೇಕೆಂಬುದು ನನಗೆ ಹೊಳೆದಿರಲಿಲ್ಲ. ಯಾರ ಮನೆಗೆ ಕೇರಂ ಆಡಲು ಹೋದರೂ ನಮ್ಮ ಪುಡಿ ನಾವು ಒಯ್ಯುವುದು ಅವರ ಹಾಲಿನ ಶಿಷ್ಟಾಚಾರ. ಬಾರಿಗಾದರೂ ಬರಿಗೈಯಲ್ಲಿ ಹೇಗೆ ಹೋಗುವುದು?

"ಕಾಕಾ, ಹೇ ಕಾಯ್ ಆಹೇ?" ಇದೇನು ಎಂದು ಕೇಳಿದ ಪಹಿಲ್ವಾನನ ದನಿ ಮೃದುವಾಗಿತ್ತು, ಹೆದರಿಕೆಯಾಗುವಷ್ಟು ಮೃದು. ಇಂಥ ಹೊತ್ತಿನಲ್ಲಿ ಖಚಿತವಾಗಿ ಮಾತಾಡಬೇಕೆಂದು ನಾನು ಮುಂದೆ ಬಂದು, "ಬೋರಿಕ್ ಆಸಿಡ್" ಎಂದೆ. ಆಸಿಡ್ ಎಂಬ ಮಾತು ಕಿವಿಗೆ ಬಿದ್ದದ್ದೇ ಎರಡನೆಯ ಪಹಿಲ್ವಾನನೂ ಬಂದ. ಹಿಂದಿನ ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ಎಂ.ಎಸ್ಸಿ. ಪದವಿ ಅಷ್ಟು ನಿರುಪಯೋಗಿ ಎಂದು ನನಗೆ ಹಿಂದೆಂದೂ ಅನ್ನಿಸಿರಲಿಲ್ಲ.

ಅಪ್ಪನಿಗೆ ಸಿಟ್ಟು ಬಂತು. "ಅರೇ, ಕ್ಯಾರಮ್‌ಚೀ ಪಾವಡರ್ ಆಹೇ!" ಎನ್ನುತ್ತ ಪೊಟ್ಟಣ ಕಸಿದುಕೊಂಡು, ಅಲ್ಲೇ ಇದ್ದ ನುಣುಪು ಕಲ್ಲಿನ ಮೇಜಿನ ಮೇಲೆ ಒಂದು ಚಿಟಿಕೆ ಉದುರಿಸಿ, ಅಂಗೈಯಿಂದ ಸವರಿ, ಸ್ಟ್ರೈಕರ್ ಇಟ್ಟು ಬಲಗೈಯ ತೋರುಬೆರಳಿನಿಂದ ಹೊಡೆದರು. ಅದು ಸುಂಯ್ ಎಂದು ಗೆರೆ ಎಳೆದಂತೆ ಹೋಗಿ ಆಚೆ ತುದಿಯಲ್ಲಿದ್ದ ಪಹಿಲ್ವಾನನ ವಾಕಿ-ಟಾಕಿಗೆ ಟಕ್ಕೆಂದು ಬಡಿಯಿತು. ಪಹಿಲ್ವಾನ ನಕ್ಕ. ಸಾಲಿನಲ್ಲಿ ಯಾರೋ ಸೀಟಿ ಹೊಡೆದರು. ನಾನು ಅಪ್ಪನ ಕೈ ನೋಡುತ್ತಿದ್ದೆ. ಅದು ನಡುಗಿರಲಿಲ್ಲ. ಸಿಟ್ಟಿನಲ್ಲಿ ಅಪ್ಪ ಅದನ್ನು ಮರೆತುಬಿಟ್ಟಿದ್ದರು. ಬಿಚ್ಚಿದ ಪೊಟ್ಟಣವನ್ನು ನಾನು ಅವಸರದಲ್ಲಿ ಕೈಚೀಲಕ್ಕೆ ತುರುಕಿದೆ. ಪರಿಣಾಮ ನಿಮಗೆ ಹೇಳಿಯೇ ಇದ್ದೇನೆ.

ಇಷ್ಟೆಲ್ಲ ಆಗಿ ಒಳಗೆ ಹೋದರೆ ಕೇರಂ ಬೋರ್ಡು ಗೋಡೆಯ ಮೇಲಿತ್ತು. ಅಲಂಕಾರಕ್ಕೆ. ಮೊಳೆ ಹೊಡೆದು ತೂಗುಹಾಕಿ, ಸುತ್ತ ಬಣ್ಣದ ದೀಪ ಬಿಟ್ಟಿದ್ದರು. ನಾನು ಹಿಂದಿನ ಸಲ ಅದನ್ನು ದೂರದಿಂದ ನೋಡಿ ಆಡಲಿಕ್ಕಿಟ್ಟದ್ದೆಂದು ತಿಳಿದಿದ್ದೆ. ಅಪ್ಪ ಅದರೆದುರು ಕೈಕಟ್ಟಿ ನಿಂತು, "ಪಾಪ, ಏನ್ ತಪ್ಪ ಮಾಡಿತ್ತೋ, ಗಲ್ಲಿಗೇರಿಸ್ಯಾರ" ಎಂದರು. ನಾನು ಹೊರಗೆ ಬಂದು ಸಾಯಲಿಗೆ ಫೋನು ಹಚ್ಚಿದೆ. ಅವಳು ನಗು ಮುಗಿಸಲು ಬಹಳ ಹೊತ್ತು ತೆಗೆದುಕೊಂಡು, ಪುಣೆಯ ಕ್ಯಾಂಪ್ ಪ್ರದೇಶದ ಒಂದು ಹಳೆಯ ಬಾರಿನ ವಿಳಾಸ ಹೇಳಿದಳು. ಅಲ್ಲಿ ಮಹಡಿಯ ಮೇಲೆ ನಿಜವಾದ ಬೋರ್ಡುಗಳಿವೆಯಂತೆ.

ಆ ಬಾರಿನ ಗಲ್ಲೆಯಲ್ಲಿ ಕೂತಿದ್ದ ಯಜಮಾನರು ನಾವು ಮೆಟ್ಟಿಲ ಬಳಿ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡು, "ಓ, ಕನ್ನಡವಾ? ಯಾವ ಊರಾಯ್ತು?" ಎಂದರು. ಅಪ್ಪ ನನ್ನ ಕಡೆ ನೋಡಿದರು. ನಮ್ಮ ಮಂದಿ ಇರುವುದಿಲ್ಲ ಎಂದು ಮಾತು ಕೊಟ್ಟವಳು ನಾನು.

"ಧಾರವಾಡ್ರಿ. ಈಗ ಕೋಥ್ರೂಡ್."

"ನಮ್ಮದು ಕುಂದಾಪುರ ಬದಿ. ಎಂತ ಕೊಡ್ಲಿ ಸಾರ್?"

"ಲಿಂಬೀ ಶರಬತ್ತು."

"ಬಾರಿಗೆ ಬಂದು ಶರಬತ್ತಾ!" ಯಜಮಾನರು ನನ್ನನ್ನೂ ಅಪ್ಪನನ್ನೂ ಅದಲುಬದಲು ನೋಡಿ ನಕ್ಕರು. "ಅಡ್ಡಿಲ್ಲ, ಅದೂ ಉಂಟು. ಕೇರಂ ಮೇಲೆ ಉಂಟು. ನನ್ನ ಮಗ ಮಾಡಿದ್ದು ಮಾರಾಯ್ರೆ. ನಾನು ಮಂದಿ ಕುಡಿಯಲಿಕ್ಕೆ ಅಂತ ಬಾರು ಇಟ್ಟದ್ದು, ಇವ ಅದನ್ನು ಅಂಗನವಾಡಿ ಮಾಡಿ ಇಟ್ಟಿದ್ದಾನೆ."

ಮೇಲೆ ಒಂದು ಬೋರ್ಡಿನಲ್ಲಿ ಇಬ್ಬರು ಹುಡುಗಿಯರು ಎದುರಿಗೆ ಆಡಲು ಇನ್ನೊಂದು ಜೋಡಿ ಹುಡುಕುತ್ತಿದ್ದರು. ಬಾರಾಮತಿಯವರು, ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುವವರು. ಒಬ್ಬಳ ಹೆಸರು ಕೇತಕಿ. ಬಾಯಿಯೂ ಅವಳದೇ ಜಾಸ್ತಿ. ಬಿಯರಿನ ಗ್ಲಾಸನ್ನು ನೆಲಕ್ಕಿಟ್ಟು, ಕೂದಲು ಬಿಗಿದು ಕಟ್ಟಿ, ಮೊದಲ ಹೊಡೆತಕ್ಕೇ ಮೂರು ಕಾಯಿ ಚದುರಿಸಿ ಎರಡನ್ನು ಒಳಗೆ ಹಾಕಿದಳು. ಅಪ್ಪನ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಹಸಿವು ಕಾಣಿಸಿತು.

ಅಪ್ಪನ ಸರದಿ ಬಂತು. ಸ್ಟ್ರೈಕರ್ ಇಟ್ಟರು, ಬೆರಳು ಮಡಿಸಿದರು. ಈಗ ಮೂರು ಜನ ನೋಡುತ್ತಿದ್ದೆವು. ಕೈ ನಡುಗತೊಡಗಿತು. ಮೊದಲು ಬೆರಳಿನ ತುದಿ, ಆಮೇಲೆ ಮಣಿಕಟ್ಟು. ಹೊಡೆದಾಗ ಸ್ಟ್ರೈಕರ್ ಕುಂಟುತ್ತ ಹೋಗಿ, ಯಾವ ಕಾಯಿಗೂ ತಾಗದೆ, ತಾನೇ ಮೂಲೆಯ ಪಾಕೀಟಿಗೆ ಬಿತ್ತು. ಇದಕ್ಕಿಂತ ಕೆಟ್ಟ ಫೌಲು ಕೇರಂನಲ್ಲಿಲ್ಲ.

ಕೇತಕಿ ಅಪ್ಪನ ಕೈ ನೋಡಿದಳು. ಅವಳ ದನಿ ಬದಲಾಯಿತು. "ಅಸೂ ದ್ಯಾ ಕಾಕಾ, ಪರತ್ ಮಾರಾ." ಇರಲಿ ಬಿಡಿ, ಮತ್ತೆ ಹೊಡೆಯಿರಿ.

ಯಾವ ಮಾತಿಗೆ ಅಂಜಿ ಅಪ್ಪ ಅಷ್ಟು ದಿನ ಮನೆಯಲ್ಲಿ ಕೂತಿದ್ದರೋ ಅದೇ ಮಾತು. ನಾನೇ ಅವರನ್ನು ಊರ ಸುತ್ತ ಅಲೆಸಿ, ಎರಡು ಬಾರು ತೋರಿಸಿ, ಇದನ್ನು ಕೇಳಿಸಲು ಕರೆತಂದಂತಾಯಿತು. ಅವರು ಈಗ ಎದ್ದರೆ ಇನ್ನೆಂದೂ ಯಾವ ಬೋರ್ಡಿನ ಮುಂದೂ ಕೂರುವುದಿಲ್ಲವೆಂದು ನನಗೆ ಗೊತ್ತಿತ್ತು.

ಅಪ್ಪ ಏಳಲಿಲ್ಲ. ಸ್ಟ್ರೈಕರನ್ನು ಪಾಕೀಟಿನಿಂದ ತೆಗೆದು ಅವಳ ಮುಂದಿಟ್ಟರು. "ನಾಹೀ ಬಾಳಾ" ಎಂದರು, ತಮ್ಮ ಬ್ಯಾಂಕಿನ ಮರಾಠಿಯಲ್ಲಿ. ಬೇಡ ಮಗೂ. ಕೈ ನಡುಗುವುದು ನನ್ನ ವಿಷಯ, ಫೌಲು ಬೋರ್ಡಿನ ವಿಷಯ, ಎರಡನ್ನೂ ಕಲಸಬೇಡ, ದಂಡದ ಕಾಯಿ ಇಟ್ಟೇ ಮುಂದೆ ಆಡು ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಕೈ ನಡುಗುತ್ತದೆಂದು ಅಪ್ಪ ಯಾರೆದುರಿಗಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಯಿಗೂ ಹೇಳಿರಲಿಲ್ಲ.

ಕೇತಕಿ ಸ್ಟ್ರೈಕರ್ ಎತ್ತಿಕೊಂಡು, "ಠೀಕ್ ಆಹೇ. ಮಗ್ ರಡಾಯಚಂ ನಾಹೀ ಹಂ ಕಾಕಾ!" ಎಂದಳು. ಸರಿ, ಆಮೇಲೆ ಅಳಬಾರದು ಮತ್ತೆ!

"ತೂಚ್ ರಡಶೀಲ್" ಎಂದರು ಅಪ್ಪ. ನೀನೇ ಅಳುತ್ತೀ.

ಅತ್ತವರು ನಾವು. ಆ ಹುಡುಗಿಯರು ನಮ್ಮನ್ನು ಒಗೆದು, ಹಿಂಡಿ, ಹಗ್ಗಕ್ಕೆ ಹಾಕಿದರು. ಅಪ್ಪ ಒಮ್ಮೆ ಕ್ವೀನ್ ತೆಗೆದರು. ಬೋರ್ಡಿನ ಅಂಚಿಗೆ ಬಡಿದು ಹಿಂದಕ್ಕೆ ಬಂದು ಹಾಕಿದ ಹೊಡೆತ, ಪಕ್ಕದ ಮೇಜಿನವರೂ ಓ ಎಂದರು. ಅದನ್ನು ಕವರ್ ಮಾಡುವ ಸರಳ ಕಾಯಿ ತಪ್ಪಿಸಿದರು, ಕ್ವೀನ್ ಮತ್ತೆ ನಡುವೆ ಹೋಗಿ ಕೂತಿತು. ಕೈ ನಡುಗುತ್ತಲೇ ಇತ್ತು. ನಡುಗುತ್ತಲೇ ಆಡಿದರು. ಅವರ ಎದುರಿಗೆ ಜೋಡಿಯಾಗಿ ಕೂತ ನಾನು, ಮೇಜಿನ ಕೆಳಗಿನ ಆ ಎಲ್ಲ ವರ್ಷಗಳ ಶಿಕ್ಷಣವಿದ್ದೂ, ಒಂದೂ ಕಾಯಿ ಹಾಕಲಿಲ್ಲ. "ನಿನ್ನ ಬಿಟ್ಟು ಆ ಶರಬತ್ತಿನ ಗ್ಲಾಸಿನ ಜೋಡಿ ಆಡಿದ್ರ ಗೆಲ್ತಿದ್ದೆ" ಎಂದರು ಅಪ್ಪ, ನನಗೆ. ಹಾಲಿನಲ್ಲಿ ಮಾತ್ರ ಏರುತ್ತಿದ್ದ ಆ ದನಿ ಅವರು ನನ್ನ ಮೇಲೆ ಎತ್ತಿದ್ದು ಅದೇ ಮೊದಲು. ನನಗೆ ಎಷ್ಟು ಹಗುರಾಯಿತೆಂದರೆ ಮುಂದಿನ ಹೊಡೆತವನ್ನೂ ತಪ್ಪಿಸಿದೆ.

ರಿಕ್ಷಾದಲ್ಲಿ ಬರುವಾಗ ಅಪ್ಪ, "ಆ ಹುಡುಗಿ ಭಾಳ ಕೆಟ್ಟಾಕಿ" ಎಂದು ಮೆಚ್ಚಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ನಾಳೆ ಹೋಗಿ ನೋಡ್ತೀನಿ. ಜೋಶಿ ಏನರ ಬಿಟ್ಟುಕೊಟ್ರ, ಆ ಹುಡುಗಿಗೆ ಹೇಳಿದ್ದನ್ನ ಅಂವಗೂ ಹೇಳ್ತೀನಿ" ಎಂದರು. ಹೇಳುವರು, ಸರಿ. ಆದರೆ ಹೇಳಿದ ಮೇಲೆ ತೋರಿಸುವುದನ್ನು ನಿಲ್ಲಿಸಿದ ದಯೆ ಮನಸ್ಸಿನೊಳಗಿಂದಲೂ ಹೋಗುತ್ತದೆಯೆ? ನನಗೆ ನಿದ್ದೆ ಬರಲಿಲ್ಲ.

ರವಿವಾರ ಅವರು ಹೋದ ಮೇಲೆ ಆಯಿ ಒಂದೇ ಡಬ್ಬಿಯನ್ನು ಮೂರು ಸಲ ಒರೆಸಿದಳು. ನಾನು ಪುಸ್ತಕ ಹಿಡಿದು ಪುಟ ತಿರುವಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೆಟ್ಟಿಲಲ್ಲಿ ಅಪ್ಪನ ಹೆಜ್ಜೆ ಕೇಳಿಸಿತು. ಜೋರು ಹೆಜ್ಜೆ. ಬಾಗಿಲು ದೂಡಿ ಒಳಗೆ ಬಂದರು. ಮುಖ ಕೆಂಪಾಗಿತ್ತು. ಕುರ್ಚಿಯಲ್ಲಿ ಧೊಪ್ಪೆಂದು ಕೂತರು.

ಆಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಏನಾತ್ರಿ?" ಎಂದಳು.

"ಆ ಜೋಶಿಗೆ ಮನುಷ್ಯತ್ವ ಅನ್ನೂದ ಇಲ್ಲ!"

ಆಯಿ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು.

"ಕೈ ನಡಗಿ ಗೆರಿ ಮುಟ್ತು. ಇಷ್ಟ, ಇಷ್ಟ ಇಷ್ಟು. ನಾ ಬಾಯಿ ತಗಿಯೂದ್ರಾಗ ಫೌಲ್ ಅಂತ ಒದರಿದಾ! ಕಾಯಿ ತಗದು ನಡು ಇಟ್ಟ! ಆ ಹಿರೇಮಠ ಏನಂದ ಗೊತ್ತದ ಏನು? 'ಇಷ್ಟು ದಿವಸ ಮನ್ಯಾಗ ಕೂತು ಇದನ್ನ ಕಲ್ತು ಬಂದ್ರೇನ್ರಿ ಸಾಹೇಬ್ರ? ಕೈ ನಡಗಿದ್ರ ಪವಡರ್ ತಾನ ಬೋರ್ಡಿನ ತುಂಬ ಉದರತದ, ಪುಣ್ಯೇವಂತರು, ನಮಗ ಅದಕ್ಕ ಬ್ಯಾರೆ ಆಳು ಬೇಕಿಲ್ಲ' ಅಂದ. ಇಬ್ಬರೂ ಹೊಟ್ಟಿ ಹಿಡಕೊಂಡು ನಕ್ರು. ನಾಚಿಕಿ ಬ್ಯಾಡಾ ಮಂದಿಗೆ?"

ಹೇಳುತ್ತ ಹೇಳುತ್ತ ಅಪ್ಪನ ಕಣ್ಣುಗಳು ಹೊಳೆಯುತ್ತಿದ್ದವು. ಆ ಹೊತ್ತಿನಲ್ಲಿ ಜೋಶಿ ಕಾಕಾ ಎದುರಿಗೆ ಬಂದಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ. ಹಿರೇಮಠ ಕಾಕಾರಿಗೆ ಎರಡು ಸಲ.

ಆಯಿ ಮಾತ್ರ ಮುಖ ಗಂಭೀರ ಮಾಡಿಕೊಂಡು, "ಭಾಳ ಕೆಟ್ಟ ಮಂದಿ ಬಿಡ್ರಿ. ಮುಂದಿನ ವಾರ ಹೋಗಬ್ಯಾಡ್ರಿ" ಎಂದಳು.

"ಹೋಗಬ್ಯಾಡ ಅಂದ್ರ?" ಅಪ್ಪ ಕುರ್ಚಿಯಿಂದ ಅರ್ಧ ಎದ್ದರು. "ಆ ಜೋಶಿನ್ನ ಹಂಗ ಬಿಡ್ಲೇನು ನಾ?"